ಒಂದು ಪಾಯಿಂಟ್ ಆರು

ಹನ್ನೊಂದೂವರೆಗೆ ಹೊರಡಬೇಕೆಂದು ಅಂಗಡಿಯ ಯಜಮಾನರಿಗೆ ಬೆಳಿಗ್ಗೆಯೇ ಹೇಳಿದ್ದಳು, ಯಾಕೆಂದು ಹೇಳಿರಲಿಲ್ಲ. ಹೇಳದೆ ಇದ್ದುದರಿಂದಲೇ ಅವರು ಮೂರು ಸಲ ಅವಳ ಮೇಜಿನ ಹತ್ತಿರ ಬಂದು, ಬೇಕಿಲ್ಲದ ಯಾವುದೋ ಡಬ್ಬಿ ತೆರೆದು ನೋಡಿ, ಮುಚ್ಚಿ ಹೋಗಿದ್ದರು. ಇಪ್ಪತ್ತೊಂದು ವರ್ಷದಿಂದ ಅದೇ ಮೇಜಿನ ಮುಂದೆ ಕೂತು ಜನರ ಕನ್ನಡಕಗಳಿಗೆ ಗಾಜು ಕೂರಿಸುತ್ತ ಬಂದವಳು ಅರ್ಧ ದಿನದ ರಜೆಗೆ ಕಾರಣ ಹೇಳುತ್ತಿಲ್ಲವೆಂದರೆ ಅದು ಮದುವೆಯ ಓಡಾಟವೇ ಇರಬೇಕೆಂದು ಅವರು ಊಹಿಸಿಕೊಂಡಂತಿತ್ತು. ಮುಂದಿನ ತಿಂಗಳು ನೋಂದಣಿ ಕಚೇರಿಯಲ್ಲಿ ಅವಳ ಮದುವೆಯೆಂದು ತಿಳಿದ ದಿನದಿಂದ ಅವರ ಮುಖದ ಮೇಲೆ ಒಂದು ಮೆತ್ತನೆಯ ನಗೆ ಬಂದು ಕೂತಿತ್ತು. ನಲವತ್ತನಾಲ್ಕರ ಹೆಂಗಸು ಎರಡನೇ ಸಲ ಮದುವೆಯಾಗುತ್ತಾಳೆಂದರೆ ಎಲ್ಲರೂ ನಗುವುದು ಇದೇ ನಗೆ, ಬಿದ್ದ ಮಗು ತಾನಾಗಿ ಎದ್ದು ನಿಂತಾಗ ನಗುವಂಥದ್ದು. ಆ ನಗೆ ಹತ್ತಿರ ಬಂದಾಗಲೆಲ್ಲ ಅವಳಿಗೆ ಕುತ್ತಿಗೆಯ ಹಿಂದೆ ಬೆವರುತ್ತಿತ್ತು. ಅವಳು ಹೋಗಬೇಕಾದದ್ದು ರಕ್ತ ಪರೀಕ್ಷೆಯ ಲ್ಯಾಬಿಗೆ. ತನ್ನ ರಕ್ತದ್ದಲ್ಲ, ಮದುವೆಯಾಗಬೇಕಾದವರದ್ದು. ರಿಪೋರ್ಟು ಹನ್ನೆರಡಕ್ಕೆ ಸಿಗುತ್ತದೆಂದು ಹೇಳಿದ್ದರು.

ಕೈಯಲ್ಲಿದ್ದದ್ದು ಯಾರೋ ವಯಸ್ಸಾದವರ ದಪ್ಪ ಗಾಜು. ತೇಯುವ ಚಕ್ರದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅಂಚು ತೇದು ಫ್ರೇಮಿಗೆ ಹಿಡಿದರೆ ಒಂದು ಕೂದಲಿನಷ್ಟು ದೊಡ್ಡದಾಯಿತು. ಮತ್ತೆ ತೇದಳು, ಈಗ ಸಡಿಲ. ಹೀಗೆ ಗಾಜು ಕೆಡಿಸಿ ಎಷ್ಟೋ ವರ್ಷವಾಗಿತ್ತು. ಕೆಟ್ಟದ್ದನ್ನು ಕಾಗದದಲ್ಲಿ ಸುತ್ತಿ ಕೆಳಗಿನ ಖಾನೆಯೊಳಗೆ ತಳ್ಳಿ, ಇನ್ನೊಂದನ್ನು ತೆಗೆದುಕೊಂಡಳು. ಎರಡು ದಿನದೊಳಗೆ ಬರಬೇಕಿತ್ತಲ್ಲಮ್ಮ, ಎಂದಿದ್ದರು ಒಬ್ಬ ಡಾಕ್ಟರು, ಹದಿನಾಲ್ಕು ವರ್ಷದ ಕೆಳಗೆ. ಎಲ್ಲಾ ಒಣಗಿಹೋಗಿದೆ, ಈಗ ಬಂದು ಏನು ತೋರಿಸ್ತೀರಿ? ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬಂದವಳೊಡನೆ ಮಾತಾಡುವ ದನಿ. ಮೊದಲ ಮದುವೆಯಾಗಿ ಎರಡನೇ ವರ್ಷ ಅದು. ಜ್ವರ ಬಂದು, ತೊಡೆಸಂದಿಯಲ್ಲಿ ಗಂಟು ಕಟ್ಟಿ, ಕೆಳಗೆ ನೀರು ತುಂಬಿದ ಸಣ್ಣ ಸಣ್ಣ ಗುಳ್ಳೆಗಳೆದ್ದು ಒಡೆದು, ಮೂತ್ರಕ್ಕೆ ಹೋದರೆ ಬೆಂಕಿಯಿಟ್ಟ ಹಾಗಾಗುತ್ತಿತ್ತು. ಹನ್ನೊಂದು ದಿನ ಅವಳು ಯಾರಿಗೂ ಹೇಳಲಿಲ್ಲ. ಉಷ್ಣವೆಂದುಕೊಂಡಳು, ಸಾಬೂನು ಒಗ್ಗಿಲ್ಲವೆಂದುಕೊಂಡಳು, ಯಾರ ಮುಂದೆ ಹೇಗೆ ತೋರಿಸುವುದೆಂದು ಯೋಚಿಸುತ್ತ ಯೋಚಿಸುತ್ತ ಅದು ತಾನಾಗಿಯೇ ಒಣಗಿತು. ಒಣಗಿದ ಮೇಲೆ ಧೈರ್ಯ ಬಂದು ಹೋದಳು. ಡಾಕ್ಟರು ಏನೋ ಬರೆದುಕೊಳ್ಳುತ್ತ, ತಲೆಯೆತ್ತದೆ, ಎಷ್ಟು ಜನ, ಎಂದು ಕೇಳಿದರು. ಅವಳು ಮನೆಯಲ್ಲಿ ಎಷ್ಟು ಜನವೆಂದು ಕೇಳುತ್ತಿದ್ದಾರೆಂದುಕೊಂಡು, ನಾಲ್ಕು ಜನ ಎಂದಳು. ಅತ್ತೆ, ಮಾವ, ಅವರು, ನಾನು. ಪರದೆಯ ಆಚೆ ನರ್ಸು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಡಾಕ್ಟರು ಕೇಳಿದ್ದು ಗಂಡಸರ ಲೆಕ್ಕವೆಂದು ಅವಳಿಗೆ ತಿಳಿದದ್ದು ವಾಪಸ್ಸು ಬರುವಾಗ ಬಸ್ಸಿನಲ್ಲಿ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಕೂತಾಗ. ಆಗ ಹತ್ತಿದ ಉರಿ ಆ ಗುಳ್ಳೆಗಳ ಉರಿಗಿಂತ ಹೆಚ್ಚು ದಿನ ಉಳಿಯಿತು.

ಐದು ತಿಂಗಳ ಮೇಲೆ ಎರಡನೇ ಸಲ ಬಂದಾಗ ಅದೇ ದಿನ ಬೆಳಿಗ್ಗೆ ಹೋದಳು. ಹತ್ತಿ ಸುತ್ತಿದ ಕಡ್ಡಿಯಿಂದ ಒರೆಸಿ ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ಒಂದು ಕಾಗದ ಬಂತು, ಅದರ ನೆತ್ತಿಯ ಮೇಲೆ ಅವಳ ಹೆಸರು, ವಯಸ್ಸು, ಕೆಳಗೆ ರೋಗದ ಹೆಸರು. ಅದನ್ನು ಅವಳು ಮನೆಗೆ ತಂದದ್ದು ಒಂದು ರೀತಿಯ ಗೆಲುವಿನಲ್ಲಿಯೇ. ಗಂಡನ ಹೊರತು ಬೇರೆ ಗಂಡಸಿನ ಬೆರಳನ್ನೂ ಮುಟ್ಟಿರದವಳಿಗೆ ಇದು ಎಲ್ಲಿಂದ ಬರಬೇಕು, ಇನ್ನು ಅವರು ಒಪ್ಪಿಕೊಳ್ಳಲೇಬೇಕು ಎಂದುಕೊಂಡಿದ್ದಳು. ಗಂಡ ತಲೆಯೆತ್ತದೆ, ಇದ್ದಲ್ಲಿಂದಲೇ ಓದಿದ. ಕಾಗದದ ಮೇಲಿರೋದು ನಿನ್ನ ಹೆಸರು, ನನ್ನದಲ್ಲ, ಎಂದ. ಅಷ್ಟೇ. ದನಿ ಕೂಡ ಏರಿಸಲಿಲ್ಲ. ಪರೀಕ್ಷೆಗೆ ತಾನು ಹೋಗಲೂ ಇಲ್ಲ. ಅತ್ತೆ ಬಚ್ಚಲಲ್ಲಿ ಅವಳ ಸಾಬೂನನ್ನು ಬೇರೆ ಮೂಲೆಗಿಟ್ಟರು, ಟವೆಲಿಗೆ ಬೇರೆ ಮೊಳೆ ಹೊಡೆಸಿದರು. ಮುಂದಿನ ವರ್ಷ ಅವಳು ಅಕ್ಕನ ಮನೆಯಲ್ಲಿದ್ದಳು. ಅಕ್ಕನಿಗೆ ಇವತ್ತಿಗೂ ಕಾರಣ ಗೊತ್ತಿಲ್ಲ. ಆ ಮನೆಯವರ ನಾಲಗೆ ಸರಿಯಿರಲಿಲ್ಲವೆಂದಷ್ಟೇ ಗೊತ್ತು. ಆದರೆ ಅಕ್ಕನ ಮನೆಯಲ್ಲೂ ಅವಳ ಸಾಬೂನು ಬೇರೆಯೇ ಇದೆ. ಇದು ಸಾಬೂನಿನಿಂದ ಹರಡುವುದಿಲ್ಲವೆಂದು ತಿಳಿದ ಮೇಲೂ ಅವಳೇ ಬೇರೆ ಇಟ್ಟುಕೊಂಡಿದ್ದಾಳೆ. ಇವತ್ತು ಬೆಳಿಗ್ಗೆ ಲ್ಯಾಬಿನ ಮಾತು ಕೇಳಿ ಅಕ್ಕ, ಶುಗರ್ರಾ, ಎಂದಾಗ ಹೌದೆಂದಳು. ‘ಒಳ್ಳೇದೇ. ಈ ವಯಸ್ಸಲ್ಲಿ ಅದೆಲ್ಲ ನೋಡ್ಕೊಂಡೇ ಆಗಬೇಕು. ನಿಮ್ಮ ಭಾವನ್ನ ನೋಡು, ಅನ್ನ ಕಂಡರೆ ಹೆದರ್ತಾರೆ,’ ಎಂದು ಅಕ್ಕ ಡಬ್ಬಿಯ ಮುಚ್ಚಳ ಒತ್ತಿ ಕೈಗೆ ಕೊಟ್ಟಿದ್ದಳು.

ಹನ್ನೊಂದು ಇಪ್ಪತ್ತೈದಕ್ಕೇ ಹೊರಗೆ, ಅವಳನ್ನು ಮದುವೆಯಾಗಲಿರುವ ಮೇಷ್ಟ್ರ ಕಾರು ನಿಂತಿತ್ತು. ಹಿಂದೆ ಮುಂದೆ ಕೆಂಪು ಅಕ್ಷರದ ಹಲಗೆ, ಮೇಲೆ ಡ್ರೈವಿಂಗ್ ಶಾಲೆಯ ಹೆಸರು. ಇಪ್ಪತ್ತೆಂಟು ವರ್ಷದಿಂದ ಜನರಿಗೆ ಗಾಡಿ ಕಲಿಸುತ್ತಿದ್ದುದರಿಂದ ಅವರು ಎಲ್ಲರಿಗೂ ಮೇಷ್ಟ್ರೇ; ಅವಳಿಗೂ ಬೇರೆ ಯಾವ ಹೆಸರೂ ಬಾಯಿಗೆ ಬರುತ್ತಿರಲಿಲ್ಲ. ಅವರು ಮೊದಲ ಸಲ ಅಂಗಡಿಗೆ ಬಂದದ್ದು ಹೋದ ವರ್ಷ, ಹತ್ತಿರದ ಅಕ್ಷರ ಕಾಣುವುದಿಲ್ಲವೆಂದು. ಜೀವಮಾನವೆಲ್ಲ ದೂರವನ್ನೇ ನೋಡಿಕೊಂಡಿದ್ದೀನಿ, ಹತ್ತಿರದ್ದು ಕೈಬಿಟ್ಟುಹೋಯಿತು, ಎಂದಿದ್ದರು. ಎರಡು ಕಣ್ಣುಪಾಪೆಗಳ ನಡುವಿನ ಅಂತರ ಅಳೆಯಲು ಅವಳು ಪಟ್ಟಿ ಹಿಡಿದು ಮೂಗಿನ ಹತ್ತಿರ ಬಂದಾಗ ಅಲುಗಾಡದೆ ಕೂತಿದ್ದು, ಆಮೇಲೆ ಮೆಲ್ಲಗೆ, ‘ಉಸಿರಾಡಬಹುದಾ?’ ಎಂದು ಕೇಳಿದ್ದರು. ಐವತ್ತೊಂದು ವರ್ಷ. ಹೆಂಡತಿ ತೀರಿಕೊಂಡು ಆರು ವರ್ಷ. ಮಕ್ಕಳಿಲ್ಲ. ಒಮ್ಮೆ ಅವರ ಮನೆಗೆ ಹೋದಾಗ ಊಟದ ಮೇಜಿನ ಎದುರು ಆಕೆಯ ಫೋಟೋ ನೋಡಿದ್ದಳು. ಬಿಸಿಲಿಗೆ ಮುಖ ಮಾಡಿ ನಿಂತು ಕಣ್ಣು ಕಿರಿದು ಮಾಡಿಕೊಂಡ, ತೆಗೆಯುವವರ ಮೇಲೆ ಸ್ವಲ್ಪ ಸಿಡುಕಿಕೊಂಡ ಮುಖ. ಎಷ್ಟು ಧೈರ್ಯವಾಗಿ ಸಿಡುಕುತ್ತಾಳೆ ಎಂದು ಅವಳಿಗೆ ಹೊಟ್ಟೆಕಿಚ್ಚಾಗಿತ್ತು.

ಕಾರಿನಲ್ಲಿ ಅವಳು ಕೂರುವುದು ಮೇಷ್ಟ್ರು ಕಲಿಸುವಾಗ ಕೂರುವ ಜಾಗದಲ್ಲಿ. ಅಲ್ಲೊಂದು ಎರಡನೇ ಬ್ರೇಕು ಇತ್ತು. ತಿಳಿಯದೆ ತುಳಿದುಬಿಟ್ಟೇನೆಂದು ಅವಳು ಸದಾ ಕಾಲನ್ನು ಹಿಂದಕ್ಕೆ ಮಡಚಿಕೊಳ್ಳುತ್ತಿದ್ದಳು. ಇದೇ ಜಾಗದಲ್ಲಿ ಕೂತು ಮೂರು ವಾರದ ಹಿಂದೆ ಹೇಳಿದ್ದು. ಹೇಳುವುದಕ್ಕೆ ಮುಂಚೆ ನಾಲ್ಕು ದಿನ ಮನಸ್ಸಿನಲ್ಲಿ ವಾಕ್ಯಗಳನ್ನು ಜೋಡಿಸಿ, ಕಿತ್ತು, ಮತ್ತೆ ಜೋಡಿಸಿದ್ದಳು. ಕೊನೆಗೆ ಬಾಯಿಗೆ ಬಂದದ್ದು ಒಂದೇ ಮಾತು, ನನಗೆ ಹರ್ಪಿಸ್ ಇದೆ, ಎಂದು. ‘ಸರ್ಪಸುತ್ತಾ? ಅಯ್ಯೋ, ನಮ್ಮಮ್ಮನಿಗೂ ಆಗಿತ್ತು. ಬೆನ್ನೆಲ್ಲಾ ಉರಿ ಉರಿ ಅಂತಿದ್ರು ಪಾಪ,’ ಎಂದು ಅವರು ಮರುಕಪಟ್ಟರು. ಆ ಮರುಕವನ್ನು ಹಾಗೇ ಇಟ್ಟುಕೊಂಡುಬಿಡಲೇ ಎಂದು ಒಂದು ಕ್ಷಣ ಆಸೆಯಾದದ್ದು ಸುಳ್ಳಲ್ಲ. ಆಮೇಲೆ, ಅದಲ್ಲ, ಇದು ಬೇರೆ, ಗಂಡ ಹೆಂಡತಿ ಸೇರುವುದರಿಂದ ಬರುವಂಥದ್ದು, ಎಂದು ಕಿಟಕಿಯ ಗಾಜಿಗೆ ಹೇಳಿದಳು. ಮೇಷ್ಟ್ರು ಸ್ಟೇರಿಂಗಿನ ಮೇಲೆ ಬೆರಳಾಡಿಸಿದರು. ‘ಅದಕ್ಕೆ ಮಾತ್ರೆ ಇದೆಯಾ?’

‘ಇದೆ. ವಾಸಿಯಾಗಲ್ಲ. ಹಿಡಿತದಲ್ಲಿರುತ್ತೆ.’

‘ನನ್ನ ಬೀಪಿಯೂ ಹಾಗೇ,’ ಎಂದರು.

ಅಲ್ಲಿಗೆ ಮುಗಿಯಬೇಕಿತ್ತು. ಹದಿನಾಲ್ಕು ವರ್ಷ ಹೊತ್ತದ್ದನ್ನು ಇನ್ನೊಬ್ಬರು ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟರೆ ಸಂತೋಷವಾಗಬೇಕು. ಅವಳಿಗೆ ತಳಮಳ ಶುರುವಾಯಿತು. ಮೇಷ್ಟ್ರು ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ. ನಾಳೆ ಅವರಿಗೂ ಬಂದು, ಆ ಮೊದಲ ಉರಿ ತಿಂದ ಮೇಲೆ ಇದೇ ಮುಖ ಇರುತ್ತದೆಯೇ? ಮಾರನೆಯ ದಿನದಿಂದಲೇ ನೀವೊಂದು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹಿಡಿದಳು. ‘ನನಗೆ ಏನೂ ಆಗಿಲ್ಲವಲ್ಲ, ಯಾಕೆ?’ ‘ಮುಂದೆ ನಿಮಗೆ ಬಂದರೆ ಅದು ನನ್ನಿಂದಲೇ ಅಂತ ಗೊತ್ತಾಗಬೇಕು.’ ‘ಗೊತ್ತಾಗಿ ಏನು ಮಾಡೋದು?’ ಅವಳಿಗೆ ಒಂದು ಶುಭ್ರವಾದ ಕಾಗದ ಬೇಕಿತ್ತು, ಅಷ್ಟೇ. ತಪ್ಪು ತನ್ನದಾದರೆ ತನ್ನದೆಂದು ಯಾರೂ ಕೂಗಾಡದೆ ತಿಳಿಯುವಂಥದ್ದು. ನನಗೋಸ್ಕರ, ಎಂದಳು. ಬರುತ್ತ ಎರಡು ನಿಂಬೆಹಣ್ಣು ತನ್ನಿ ಎಂದರೆ ತರುವವರ ಹಾಗೆ ಮೇಷ್ಟ್ರು ಸೋಮವಾರ ಬೆಳಿಗ್ಗೆ ಒಬ್ಬರೇ ಹೋಗಿ ತೋಳು ಚಾಚಿ ಬಂದರು.

ಲ್ಯಾಬಿನ ಪಡಸಾಲೆಯಲ್ಲಿ ಒಂದಕ್ಕೊಂದು ಕಚ್ಚಿಸಿದ ಕುರ್ಚಿಗಳು. ಒಬ್ಬರು ಕಾಲು ಅಲ್ಲಾಡಿಸಿದರೆ ಸಾಲೆಲ್ಲ ಅಲುಗಾಡುತ್ತಿತ್ತು. ಗಾಜಿನ ಕಿಂಡಿಯ ಹಿಂದೆ ಕೂತ ಹುಡುಗಿ ಲಕೋಟೆಗಳ ಮೇಲಿನ ಹೆಸರು ಓದುವ ಬದಲು ಪರೀಕ್ಷೆಯ ಹೆಸರು ಓದಿ ಕರೆಯುತ್ತಿದ್ದಳು. ಥೈರಾಯ್ಡ್ ಯಾರದು, ಲಿವರ್ ಯಾರದು. ‘ಹರ್ಪಿಸ್ ಯಾರದು?’ ಸಾಲಿನಲ್ಲಿ ಯಾರೂ ತಲೆಯೆತ್ತಲಿಲ್ಲ, ಎಲ್ಲರಿಗೂ ಅವರವರ ಲಕೋಟೆಯದೇ ಚಿಂತೆ. ಹಾಜರಿ ಕೂಗಿದಾಗ ಏಳುವ ಹುಡುಗನಂತೆ ಮೇಷ್ಟ್ರು ಎದ್ದು, ‘ನಂದು,’ ಎಂದು ಹೋಗಿ ತೆಗೆದುಕೊಂಡರು. ಅಷ್ಟು ಸಲೀಸಾಗಿ ನಂದು ಎನ್ನುವುದನ್ನು ಅವಳು ಯಾವ ಗಂಡಸಿನ ಬಾಯಲ್ಲೂ ಕೇಳಿರಲಿಲ್ಲ.

ಲಕೋಟೆ ಒಡೆದದ್ದು ಕಾರಿನಲ್ಲಿ. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಕಾಗದವನ್ನು ಸ್ಟೇರಿಂಗಿನ ಮೇಲೆ ಹರವಿ, ಬೆರಳಿಟ್ಟು ಓದುತ್ತ ಹೋದರು. ಬೆರಳು ಒಂದು ಕಡೆ ನಿಂತಿತು. ‘ಎರಡನೇ ನಮೂನೆ ಅಂತಿದೆ. ಒಂದು ಪಾಯಿಂಟ್ ಆರು. ಪಕ್ಕದಲ್ಲಿ ಪಾಸಿಟಿವ್ ಅಂತ ಬರೆದಿದ್ದಾರೆ. ಪಾಸಿಟಿವ್ ಅಂದರೆ ಇದೆ ಅಂತ ಅಲ್ವಾ?’

ಎರಡನೇ ನಮೂನೆಯೇ ಅವಳದೂ; ಇದೆ ಅಂತಲೇ ಎಂದು ಅವಳಿಗೆ ಗೊತ್ತಿತ್ತು. ಅವರಿಬ್ಬರೂ ಇನ್ನೂ ಒಬ್ಬರ ಕೈಯನ್ನೊಬ್ಬರು ಸರಿಯಾಗಿ ಹಿಡಿದುಕೊಂಡವರಲ್ಲ. ತನ್ನಿಂದ ಬಂದದ್ದಲ್ಲವೆಂಬುದೂ ಗೊತ್ತಿತ್ತು. ಮೊದಲು ಒಳಗೆದ್ದದ್ದು ಒಂದು ಹಗುರ, ನೆನೆದ ಬಟ್ಟೆಯನ್ನು ಮೈಯಿಂದ ಕಿತ್ತ ಹಾಗೆ. ನಾನೊಬ್ಬಳೇ ಅಲ್ಲ. ಈ ಮನುಷ್ಯನಿಗೂ ಇದೆ, ಇನ್ನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಆ ಹಗುರ ಎಷ್ಟು ಹೊತ್ತಿತ್ತೋ, ಐದು ಎಣಿಸುವಷ್ಟೋ, ಹತ್ತೋ. ಅಷ್ಟರಲ್ಲಿ ಪಕ್ಕಕ್ಕೆ ತಿರುಗಿ ನೋಡಿದಳು. ಮೇಷ್ಟ್ರು ಕನ್ನಡಕ ತೆಗೆದು ದೂರ ನೋಡುತ್ತಿದ್ದರು. ‘ಬೇಸಿಗೆಯಲ್ಲಿ ಅವಳಿಗೆ ಗುಳ್ಳೆ ಏಳೋದು,’ ಎಂದರು. ಅವಳು ಎಂದರೆ ತೀರಿಕೊಂಡ ಹೆಂಡತಿ. ‘ಉಷ್ಣ ಅನ್ನೋಳು. ಒಂದೆರಡು ದಿನ ಬೇರೆ ಹಾಸಿಗೆ ಹಾಸಿಕೊಳ್ಳೋಳು.’ ಕಾರು ಬಿಡುವ ಯೋಚನೆಯೇ ಇರಲಿಲ್ಲ ಅವರಿಗೆ. ಹಿಂದೆ ಯಾರೋ ಹಾರನ್ ಹೊಡೆದು ಪಕ್ಕದಿಂದ ದಾಟಿಕೊಂಡು ಹೋದರು. ‘ಮಧ್ಯೆ ಎರಡು ವರ್ಷ ಅವಳಿಗೆ ಬೇರೆ ಊರಿಗೆ ವರ್ಗ ಆಗಿತ್ತು. ವಾರಕ್ಕೊಂದು ಸಲ ಬರೋಳು. ಒಂದೊಂದು ವಾರ ಬರ್ತಿರಲಿಲ್ಲ. ಕೆಲಸ ಅನ್ನೋಳು.’ ಮಾತು ಅಲ್ಲಿ ನಿಂತಿತು.

ನಿಂತ ಮಾತು ಎಲ್ಲಿಗೆ ಹೋಗುತ್ತಿದೆಯೆಂದು ಅವಳಿಗೆ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷದ ಸಂಸಾರವನ್ನು ಅವರು ಈಗ ಕೋಣೆ ಕೋಣೆಯಾಗಿ ತೆರೆದು ನೋಡುತ್ತಿದ್ದರು. ಆಕೆ ಬಾರದೆ ಇದ್ದ ವಾರಗಳು, ಆಕೆ ತಡವಾಗಿ ಬಂದ ಸಂಜೆಗಳು, ಕಾರಣವಿಲ್ಲದೆ ನಕ್ಕದ್ದು, ಸುಮ್ಮನೆ ಅತ್ತದ್ದು. ಉತ್ತರ ಹೇಳಲು ಆಕೆಯಿಲ್ಲ. ಇದ್ದರೆ ಆ ಫೋಟೋದಲ್ಲಿನ ಹಾಗೆಯೇ ಕಣ್ಣು ಕಿರಿದು ಮಾಡಿ ಒಂದು ಸಿಡುಕಿನಲ್ಲಿ ಮುಗಿಸಿಬಿಡುತ್ತಿದ್ದಳೇನೋ. ತನ್ನ ಹೆಸರಿನ ಒಂದು ಕಾಗದವೂ ಇಲ್ಲದೆ ಆ ಹೆಂಗಸು ಅಪರಾಧಿಯಾಗಿ ನಿಂತಿದ್ದಾಳೆ, ನಿಲ್ಲಿಸಿದ್ದು ನಾನು. ಸುಮ್ಮನಿದ್ದ ಮನುಷ್ಯನನ್ನು ನನಗೋಸ್ಕರ ಎಂದು ಕಳಿಸಿ, ಇದ್ದ ಒಂದೇ ನೆಮ್ಮದಿಯನ್ನು ಸೂಜಿಯಿಂದ ಎಳೆದು ತೆಗೆಸಿದೆ. ಅವಳಿಗೆ ತನ್ನ ಅತ್ತೆ ಟವೆಲಿಗೆ ಮೊಳೆ ಹೊಡೆಸುತ್ತ ನಿಂತ ಭಂಗಿ ನೆನಪಾಯಿತು; ಈಗ ಸುತ್ತಿಗೆ ತನ್ನ ಕೈಯಲ್ಲಿದ್ದಂತಿತ್ತು. ‘ನಮ್ಮ ಡಾಕ್ಟರಮ್ಮನ ಹತ್ತಿರ ಹೋಗೋಣ,’ ಎಂದಳು. ‘ಈಗಲೇ.’

ಡಾಕ್ಟರಮ್ಮನ ಕ್ಲಿನಿಕ್ಕು ಚಪ್ಪಲಿ ಅಂಗಡಿಯೊಂದರ ಮೇಲೆ. ಮೆಟ್ಟಿಲು ಹತ್ತುವಾಗ ಹೊಸ ಚರ್ಮದ ವಾಸನೆ ಜೊತೆಗೇ ಹತ್ತುತ್ತದೆ. ಆರು ವರ್ಷದಿಂದ ಅವಳಿಗೆ ಔಷಧಿ ಬರೆದುಕೊಡುತ್ತಿದ್ದವರು ಇವರೇ; ಎಷ್ಟು ಜನ ಎಂದು ಒಂದು ದಿನವೂ ಕೇಳಿದವರಲ್ಲ. ಊಟದ ಹೊತ್ತಾಗಿತ್ತು. ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟು, ಕೂತ್ಕೊಳ್ಳಿ ಎಂದು, ಕಾಗದ ನೋಡಿದರು. ಆಮೇಲೆ ಮೇಷ್ಟ್ರನ್ನು ನೋಡಿದರು.

‘ನಿಮಗೆ ಯಾವಾಗಲಾದರೂ ಹುಣ್ಣಾಗಿದೆಯಾ? ಗುಳ್ಳೆ, ಉರಿ?’

‘ಇಲ್ಲ.’

‘ಯಾರು ಬರೆದುಕೊಟ್ಟರು ಈ ಟೆಸ್ಟು?’

‘ನಾನೇ ಕಳಿಸಿದ್ದು,’ ಎಂದಳು ಅವಳು. ‘ಮದುವೆಗೆ ಮುಂಚೆ ತಿಳಿದಿರಲಿ ಅಂತ.’

ಡಾಕ್ಟರಮ್ಮ ಕುರ್ಚಿಗೆ ಒರಗಿದರು. ಬೆಳಗಿನಿಂದ ನಲವತ್ತು ಜನರಿಗೆ ವಿವರಿಸಿ ದಣಿದ ದನಿ ಅದು, ಆದರೂ ಮೆತ್ತಗಿತ್ತು. ‘ಕೇಳಿದ್ದು ತಪ್ಪಲ್ಲ. ಒಬ್ಬರಿಗಿದ್ದರೆ ಇನ್ನೊಬ್ಬರು ನೋಡಿಸ್ಕೊಳ್ಳೋದು ಉಂಟು. ಆದರೆ ಮೊದಲು ನನ್ನ ಹತ್ತಿರ ಬರಬೇಕಿತ್ತು. ಹುಣ್ಣು ಇದ್ದಾಗ, ಹಸಿಯಾಗಿರುವಾಗಲೇ ಬಂದರೆ ಒರೆಸಿ ತೆಗೆದು ಕಳಿಸ್ತೀವಿ, ಆ ಉತ್ತರವನ್ನ ನಂಬಬಹುದು. ಹೊಸದಾಗಿ ಯಾರಿಂದಲೋ ತಗುಲಿರಬಹುದು ಅಂತಿದ್ದರೆ ಮೂರು ತಿಂಗಳು ಕಾದು ರಕ್ತ ನೋಡಬೇಕು, ಅದಕ್ಕೆ ಮುಂಚೆ ನೋಡಿದರೆ ಇದ್ದರೂ ಇಲ್ಲ ಅನ್ನುತ್ತೆ. ಏನೂ ಇಲ್ಲದವರ ರಕ್ತ ಸುಮ್ಮನೆ ನೋಡಿದರೆ ಹೀಗಾಗುತ್ತೆ. ಇದು ಸಣ್ಣ ಸಂಖ್ಯೆ. ಮೂರೂವರೆ ದಾಟಿದ್ದರೆ ನಾನು ಬೇರೆ ಮಾತು ಹೇಳ್ತಿದ್ದೆ. ಒಂದೂವರೆ, ಎರಡು, ಇಂಥವು ಅರ್ಧಕ್ಕರ್ಧ ಸುಳ್ಳೇ ಇರ್ತವೆ.’

‘ಹಾಗಾದರೆ ಇಲ್ಲ ಅಂತಾನಾ?’ ಮೇಷ್ಟ್ರು ಮುಂದಕ್ಕೆ ಬಾಗಿದರು.

‘ಇಲ್ಲ ಅಂತಲೂ ಹೇಳಕ್ಕಾಗಲ್ಲ. ಇನ್ನೊಂದು ಬಗೆಯ ಪರೀಕ್ಷೆ ಇದೆ, ದೂರದ ಲ್ಯಾಬಿಗೆ ಕಳಿಸಬೇಕು. ಬೇಕಿದ್ದರೆ ಕಳಿಸ್ತೀನಿ.’

‘ನನ್ನ ಹೆಂಡತಿ ತೀರಿಕೊಂಡು ಆರು ವರ್ಷ. ಅದರಲ್ಲಿ ಯಾರಿಂದ ಬಂತು ಅಂತ ಗೊತ್ತಾಗುತ್ತಾ? ಯಾವಾಗ ಅಂತ?’

‘ಯಾವ ಪರೀಕ್ಷೆಯಲ್ಲೂ ಗೊತ್ತಾಗಲ್ಲ, ಮೇಷ್ಟ್ರೇ. ನಿಜವಾಗಿ ಇದ್ದರೂ ಅದು ಹತ್ತು ವರ್ಷದ್ದಿರಬಹುದು, ಮೂವತ್ತು ವರ್ಷದ್ದಿರಬಹುದು. ನಿಮಗೆ ಅವರಿಂದ ಬಂದಿರಬಹುದು, ಅವರಿಗೆ ನಿಮ್ಮಿಂದ ಹೋಗಿರಬಹುದು. ಮೈಯಲ್ಲಿ ತೆಪ್ಪಗೆ ಮಲಗಿರೋದಕ್ಕೆ ತಾರೀಖು ಇರಲ್ಲ.’ ಆಮೇಲೆ ಡಾಕ್ಟರಮ್ಮ ಅವಳ ಕಡೆ ತಿರುಗಿ, ವರ್ಷಕ್ಕೆ ಎಷ್ಟು ಸಲ ಬರುತ್ತಿದೆ, ದಿನಾ ಒಂದು ಮಾತ್ರೆಯ ಲೆಕ್ಕಕ್ಕೆ ಬಂದರೆ ಅವರಿಗೆ ದಾಟುವುದು ಅರ್ಧದಷ್ಟು ಕಡಿಮೆಯಾಗುತ್ತದೆ, ಬಂದ ದಿನಗಳಲ್ಲಿ ದೂರವಿರಿ, ಎಂದೆಲ್ಲ ಹೇಳಿದರು. ಅವಳು ತಲೆಯಾಡಿಸಿದಳು. ಅವಳ ಕಿವಿ ಪಕ್ಕದ ಕುರ್ಚಿಯ ಮೇಲಿತ್ತು. ಅಲ್ಲಿ ಮೇಷ್ಟ್ರು ಏನೂ ಮಾಡುತ್ತಿರಲಿಲ್ಲ, ಕಾಗದವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಚುತ್ತಿದ್ದರು. ಬಿಚ್ಚುವರು, ಮಡಚುವರು.

ಹೊರಗೆ ಬಂದ ಮೇಲೆ ಅಂಗಡಿಗೆ ಬಿಡುತ್ತೇನೆಂದರು. ಆದರೆ ಕಾರು ಹೋಗಿ ನಿಂತದ್ದು ಊರಿನ ಅಂಚಿನ ಬಯಲಲ್ಲಿ, ಅವರು ಕಲಿಯುವವರಿಗೆ ಹಿಂದಕ್ಕೆ ಹೋಗುವುದನ್ನು ಕಲಿಸುವ ಜಾಗದಲ್ಲಿ. ನೆಲದ ಮೇಲೆ ಸುಣ್ಣದ ಗೆರೆಗಳು ಅರ್ಧ ಅಳಿಸಿಹೋಗಿದ್ದವು. ಮಧ್ಯಾಹ್ನದ ಬಿಸಿಲಿಗೆ ಯಾರೂ ಇರಲಿಲ್ಲ. ಇಂಜಿನ್ ಆರಿಸಿದ ಮೇಲೆ ಬಾನೆಟ್ಟಿನಿಂದ ಟಿಕ್ ಟಿಕ್ ಎಂದು ಕಬ್ಬಿಣ ತಣಿಯುವ ಸದ್ದು ಬರುತ್ತಿತ್ತು. ಅವಳು ಕ್ಷಮೆ ಕೇಳಬೇಕೆಂದುಕೊಂಡಳು. ಪರೀಕ್ಷೆ ಬೇಡವಾಗಿತ್ತು, ನನ್ನ ಭಯವನ್ನು ನಿಮ್ಮ ತೋಳಿಗೆ ಚುಚ್ಚಿಸಿದೆ, ಆಕೆಯನ್ನು ಅನುಮಾನಿಸಬೇಡಿ, ಎಂದು. ಬಾಯಿ ತೆರೆಯುವಷ್ಟರಲ್ಲಿ ಮೇಷ್ಟ್ರೇ ಶುರುಮಾಡಿದರು.

‘ನಾನೊಂದು ವಿಷಯ ನಿಮಗೆ ಹೇಳಿರಲಿಲ್ಲ.’ ನೇರ ಮುಂದಕ್ಕೆ ನೋಡುತ್ತ, ರಸ್ತೆಯ ನಿಯಮ ಹೇಳಿಕೊಡುವ ಹಾಗೆ. ‘ಮದುವೆಗೆ ಮುಂಚೆ. ನನಗೆ ಆಗ ಇಪ್ಪತ್ತೆರಡು. ಲಾರಿ ಓಡಿಸ್ತಿದ್ದೆ. ಹೆದ್ದಾರಿ ಪಕ್ಕ ಒಂದು ಮನೆ ಇತ್ತು, ಹಸಿರು ಬಾಗಿಲು. ಎಲ್ಲರೂ ಹೋಗೋರು. ನಾನೂ ಹೋದೆ. ಒಂದು ಸಲ.’ ಸ್ವಲ್ಪ ಯೋಚಿಸಿ, ‘ಎರಡು ಸಲ,’ ಎಂದರು.

ಲಾರಿಯಂಥ ಭಾರದ ಗಾಡಿಯ ಲೈಸೆನ್ಸಿಗೆ ಅರ್ಜಿ ತುಂಬಲು ಬಾರದೆ ಒದ್ದಾಡುತ್ತಿದ್ದಾಗ ಹೆಂಡತಿಯೇ ತನ್ನ ಗುಂಡು ಗುಂಡು ಅಕ್ಷರದಲ್ಲಿ ಬರೆದುಕೊಟ್ಟಳು, ಆ ಅಕ್ಷರ ನೋಡಿಯೇ ಸಾಹೇಬರು ಸಹಿ ಹಾಕಿದರು ಎಂದು ಇದೇ ಮೇಷ್ಟ್ರು ಎಷ್ಟು ಸಲ ಹೇಳಿ ನಕ್ಕಿದ್ದರು. ಮದುವೆಯಾದದ್ದು ಇಪ್ಪತ್ಮೂರಕ್ಕೆ. ಇಪ್ಪತ್ತೆರಡರಲ್ಲಿ ಲಾರಿಯೂ ಇಲ್ಲ, ಹೆದ್ದಾರಿಯೂ ಇಲ್ಲ, ಹಸಿರು ಬಾಗಿಲೂ ಇಲ್ಲ. ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ ಅದು, ಎಷ್ಟು ಕಷ್ಟಪಟ್ಟು ಒಂದೊಂದು ಇಟ್ಟಿಗೆ ತಂದು ಜೋಡಿಸುತ್ತಿದೆ. ‘ಹಾಗಾಗಿ ಇದು ನಾನೇ ತಂದದ್ದು,’ ಎಂದು ಮುಗಿಸಿದರು. ‘ನಾನೇ ಅವಳಿಗೆ ಕೊಟ್ಟದ್ದು. ಅವಳದೇನೂ ಇಲ್ಲ ಇದರಲ್ಲಿ.’

ಒಬ್ಬ ಗಂಡಸು ತಾನು ಮಾಡದ ತಪ್ಪನ್ನು ಹುಡುಕಿಕೊಂಡು ಹೋಗಿ ತನ್ನ ಹೆಸರಿಗೆ ಬರೆಸಿಕೊಳ್ಳುತ್ತಿದ್ದಾನೆ, ಆರು ವರ್ಷದ ಹಿಂದೆ ಸತ್ತವಳು ಚೊಕ್ಕಟವಾಗಿರಲಿ ಎಂದು. ಆಕೆಯ ಮೇಲಿನ ಹಳೆಯ ಹೊಟ್ಟೆಕಿಚ್ಚು ಮತ್ತೆ ತಲೆಯೆತ್ತಿತು, ಇಲ್ಲವೆಂದರೆ ಸುಳ್ಳಾಗುತ್ತದೆ. ನನಗಾಗಿ ಯಾರೂ ಅರ್ಧ ಸುಳ್ಳನ್ನೂ ಹೇಳಲಿಲ್ಲ. ನೀವು ಹೇಳುತ್ತಿರುವುದು ನಿಜವಲ್ಲ ಎಂದುಬಿಡಬಹುದಿತ್ತು; ಆ ಲ್ಯಾಬಿನ ಅಂಕಿಯೇ ಸುಳ್ಳಿರಬಹುದು, ಎಂದು ಸಮಾಧಾನ ಮಾಡಬಹುದಿತ್ತು. ಆದರೆ ಇರಬಹುದು ಎಂಬುದರ ಮೇಲೆ ಈ ಮನುಷ್ಯ ಮಲಗಲಾರ, ರಾತ್ರಿಯೆಲ್ಲ ಆಕೆ ಬಾರದ ವಾರಗಳನ್ನು ಎಣಿಸುತ್ತಾನೆ ಎಂದು ಅವಳಿಗೆ ಅನ್ನಿಸಿತು. ಅವರಿಗೆ ಈಗ ಬೇಕಾಗಿದ್ದದ್ದು ನಂಬುವವರು.

‘ನಿಮ್ಮ ಮನೆಯವರಿಗೆ ಹೇಳಿದ್ರಾ?’ ಎಂದು ಕೇಳಿದಳು.

ಮೇಷ್ಟ್ರು ತಬ್ಬಿಬ್ಬಾದರು. ‘ಇಲ್ಲ.’

‘ಹೇಳಬೇಕಿತ್ತು.’

‘ಹೌದು. ಹೇಳಬೇಕಿತ್ತು.’

‘ಗೊತ್ತಿರಲಿಲ್ಲ ಅನ್ನಬೇಡಿ. ಒಂದು ದಿನ ಹೋಗಿ ತೋರಿಸಿಕೊಂಡು ಬರೋಣ ಅಂತ ಅನ್ನಿಸಲಿಲ್ಲವಾ ನಿಮಗೆ?’ ಅವರನ್ನು ಹಗುರ ಮಾಡಲೆಂದು ಶುರುಮಾಡಿದ ದನಿ ತನ್ನಷ್ಟಕ್ಕೆ ಏರುತ್ತಿರುವುದು ಅವಳಿಗೆ ತಿಳಿಯಿತು, ನಿಲ್ಲಿಸಲಾಗಲಿಲ್ಲ. ‘ಅವರು ಒಬ್ಬರೇ ಎಷ್ಟು ಅನುಭವಿಸಿದರೋ. ಬಚ್ಚಲಿಗೆ ಹೋಗೋಕೆ ಹೆದರಿ ದಿನವೆಲ್ಲ ನೀರು ಕುಡೀದೆ ಇದ್ದಿರ್ತಾರೆ. ಕೂತರೆ ಉರಿ, ನಡೆದರೆ ಉರಿ, ಮುಖದಲ್ಲಿ ಏನೂ ಕಾಣಿಸಬಾರದು. ನನ್ನಲ್ಲೇ ಏನೋ ಕೊಳೆ ಇದೆ ಅಂದುಕೊಂಡು ದಿನಕ್ಕೆ ಮೂರು ಸಲ ಮೈ ತಿಕ್ಕಿಕೊಂಡಿರ್ತಾರೆ. ಒಂದು ಮಾತು ಕೇಳಿದ್ರಾ ನೀವು? ಆ ಕಾಗದ ತಂದು ಮುಂದೆ ಹಿಡಿದರೆ ತಲೆ ಕೂಡ ಎತ್ತಲಿಲ್ಲ ನೀವು. ಬೂಟು ಉಜ್ಜುತ್ತಾ ಇದ್ದಿರಿ.’

ಮಾತು ಬಾಯಿಯಿಂದ ಬಿದ್ದ ಮೇಲೆ ಅವಳಿಗೆ ಕೇಳಿಸಿತು. ಮೇಷ್ಟ್ರು ಬೂಟು ಹಾಕುವವರಲ್ಲ. ಬೇಸಿಗೆ ಚಳಿ ಎನ್ನದೆ ಅದೇ ಕಪ್ಪು ಚಪ್ಪಲಿ. ಅವರ ಹೆಂಡತಿ ಯಾವ ಕಾಗದವನ್ನೂ ತಂದು ಯಾರ ಮುಂದೆಯೂ ಹಿಡಿದಿರಲಿಲ್ಲ. ಬೂಟಿನ ಮೂತಿಗೆ ಬ್ರಷ್ಷು ಉಜ್ಜುತ್ತ, ಕರಿಯ ಹೊಳಪಿನಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದವನು ಬೇರೊಬ್ಬ. ಬಯಲಿನಲ್ಲಿ ಬಿಸಿಗಾಳಿ ಎದ್ದು ಸುಣ್ಣದ ಪುಡಿಯನ್ನು ಸ್ವಲ್ಪ ದೂರ ಎಳೆದುಕೊಂಡು ಹೋಯಿತು. ಮೇಷ್ಟ್ರು ನಿಧಾನವಾಗಿ ಅವಳ ಕಡೆ ತಿರುಗಿದರು. ಬೆಳಗಿನಿಂದ ಮೊದಲ ಸಲ ದೂರವನ್ನು ಬಿಟ್ಟು ಹತ್ತಿರ ನೋಡಿದರು. ಏನು ಕಂಡರೋ, ಎಷ್ಟು ತಿಳಿಯಿತೋ.

‘ಹೌದು,’ ಎಂದರು. ‘ಉಜ್ಜುತ್ತಾ ಇದ್ದೆ.’ ಆಮೇಲೆ, ‘ತಪ್ಪಾಯಿತು,’ ಎಂದರು.

ಆ ಒಂದು ಮಾತನ್ನು ಅವಳು ಹದಿನಾಲ್ಕು ವರ್ಷ ಮನಸ್ಸಿನಲ್ಲೇ ಎಷ್ಟೋ ದನಿಗಳಲ್ಲಿ ಕೇಳಿಸಿಕೊಂಡಿದ್ದಳು, ಗಾಜು ತೇಯುತ್ತ, ಬಸ್ಸಿಗೆ ಕಾಯುತ್ತ, ಅಕ್ಕನ ಮನೆಯ ಹಿಂದಿನ ಕೋಣೆಯಲ್ಲಿ ಬಟ್ಟೆ ಮಡಚುತ್ತ. ಹೇಳಬೇಕಾದವನು ಹೇಳಿರಲಿಲ್ಲ. ಹೇಳಿದವರಿಗೆ ಹೇಳಬೇಕಾಗಿರಲಿಲ್ಲ, ಅವರು ಹೇಳಿದ್ದೂ ಪೂರ್ತಿ ಅವಳಿಗಲ್ಲವೇನೋ. ಆದರೂ ಅದು ಬಂದು ತಲುಪಿತು. ಕಣ್ಣು ತುಂಬಿ ಮುಂದಿನ ಗಾಜು, ಬಯಲು, ಗೆರೆಗಳೆಲ್ಲ ಕಲಸಿಹೋದವು. ಸೆರಗಿನಿಂದ ಮುಖ ಒರೆಸಿಕೊಂಡಳು. ತುಂಬ ದಣಿವಾಗಿತ್ತು, ದೂರ ನಡೆದು ಬಂದು ಕೂತ ಮೇಲೆ ಕಾಲಿಗೆ ತಿಳಿಯುವಂಥ ದಣಿವು.

‘ಆ ದೂರದ ಲ್ಯಾಬಿಗೆ ಕಳಿಸೋದು ಬೇಡ,’ ಎಂದಳು.

‘ಬೇಡ,’ ಎಂದರು ಮೇಷ್ಟ್ರು. ‘ಯಾವತ್ತಾದರೂ ಏನಾದರೂ ಕಾಣಿಸಿದರೆ ಅವತ್ತೇ ಹೋಗೋಣ. ಇಬ್ಬರೂ.’ ಅವರು ಇಂಜಿನ್ ಹಚ್ಚಿದರು. ಗಾಡಿಯನ್ನು ಹಿಂದಕ್ಕೆ ತೆಗೆಯಲೆಂದು ಒಂದು ಕೈಯನ್ನು ಅವಳ ಸೀಟಿನ ಬೆನ್ನಿಗೆ ಆನಿಸಿ, ಕುತ್ತಿಗೆ ತಿರುಗಿಸಿ, ಅಳಿಸಿಹೋದ ಗೆರೆಗಳ ನಡುವೆ ಮೆಲ್ಲಗೆ ಬಿಟ್ಟುಕೊಂಡು ಹೋದರು. ಕಾರು ಬಯಲು ದಾಟಿ ರಸ್ತೆಗೆ ಬಂದು ಮುಂದಕ್ಕೆ ಓಡತೊಡಗಿದ ಮೇಲೂ ಆ ಕೈ ಅಲ್ಲಿಯೇ ಇತ್ತು.